ಪುಟ್ಟ ರೋಬಾಟ್ ಮನೆಗೆ ಬಂದಾಗ

ಯುವ ಅಂಗಳ



ಹಿಂದೆ ನಮ್ಮ ಮನೆಗಳಿಗೆ ಟಿ.ವಿ. ಬಂದ ಹೊಸದರಲ್ಲಿ ತಾರಸಿ ಹತ್ತಿ ಆಂಟೆನಾ ತಿರುಗಿಸುವ ಕೆಲಸ ಮನೆಯ ಹರೆಯದವರ ಪಾಲಿಗೆ ಬರುತ್ತಿತ್ತು. ಕೆಳಗಿನಿಂದ "ಬಂತು, ಬಂತು... ಅಯ್ಯೋ, ಹೋಯ್ತು!" ಎಂಬ ಕೂಗು. ಆಮೇಲೆ ವಿ.ಸಿ.ಆರ್. ಬಂತು, ಕಂಪ್ಯೂಟರ್ ಬಂತು, ಮೊಬೈಲ್ ಬಂತು. ಯಂತ್ರಗಳು ಬದಲಾದವು, ಅವುಗಳನ್ನು ಪಳಗಿಸುವ ಕೆಲಸ ಮಾತ್ರ ನಿಮ್ಮ ವಯಸ್ಸಿನವರದೇ ಆಗಿ ಉಳಿಯಿತು. ಈಗ ಆ ಸಾಲಿಗೆ ಇನ್ನೊಬ್ಬ ಅತಿಥಿ ಸೇರಿದ್ದಾನೆ. ಮಕ್ಕಳೊಡನೆ ಆಡುವ, ಮಾತಾಡುವ, ಮುಖ ನೋಡಿ ಗುರುತು ಹಿಡಿಯುವ ಆಟದ ರೋಬಾಟ್. ಅಕ್ಕನ ಮಗನ ಹುಟ್ಟುಹಬ್ಬಕ್ಕೆ ಅಮೆರಿಕದ ದೊಡ್ಡಪ್ಪ ಕಳುಹಿಸಿದ್ದೋ, ಅಣ್ಣನೇ ಮಗಳಿಗೆಂದು ಆನ್‌ಲೈನಿನಲ್ಲಿ ತರಿಸಿದ್ದೋ, ಅಂತೂ ಡಬ್ಬ ಮನೆಗೆ ಬಂದೊಡನೆ ಮಗು ಕೇಳುವ ಮೊದಲ ಪ್ರಶ್ನೆ, "ಮಾವ ಯಾವಾಗ ಬರ್ತಾನೆ?" ಇಲ್ಲವೇ "ಅತ್ತೆ ಯಾವಾಗ ಬರ್ತಾಳೆ?"

ಈ ಸಲದ ಅಂಕಣ ಅಂಥ ಮಾವ, ಅತ್ತೆ, ಚಿಕ್ಕಪ್ಪ, ಚಿಕ್ಕಮ್ಮಂದಿರಿಗಾಗಿ. ಡಬ್ಬದೊಳಗಿನ ಕೈಪಿಡಿಯಲ್ಲಿ ಯಾವ ಗುಂಡಿ ಒತ್ತಬೇಕೆಂದು ಬರೆದಿರುತ್ತದೆ. ಯಾಕೆ ಒತ್ತಬೇಕು, ಒತ್ತುವ ಮೊದಲು ಏನನ್ನು ಯೋಚಿಸಬೇಕು ಎಂಬುದನ್ನು ಅದು ಹೇಳುವುದಿಲ್ಲ. ಆ ಭಾಗವನ್ನು ಇಲ್ಲಿ ಸ್ವಲ್ಪ ಮಾತಾಡೋಣ.

ಹೆಸರು ಬಂದ ಬಗೆ

ಮೊದಲು ಹೆಸರು. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ 'ಆರ್.ಯು.ಆರ್.' ಎಂಬ ನಾಟಕ ಬರೆದರು. ಮನುಷ್ಯರಿಗಾಗಿ ದುಡಿಯಲೆಂದೇ ತಯಾರಿಸಿದ ಕೃತಕ ಕೂಲಿಗಳ ಕಥೆ ಅದು. ಅವರಿಗೊಂದು ಹೆಸರು ಬೇಕಾದಾಗ ಅಣ್ಣ ಯೋಸೆಫ್ ಸೂಚಿಸಿದ ಪದ 'ರೋಬಾಟ್'. ಚೆಕ್ ಭಾಷೆಯಲ್ಲಿ 'ರೊಬೊಟಾ' ಎಂದರೆ ಒಡೆಯನಿಗೆ ಕಡ್ಡಾಯವಾಗಿ ಮಾಡಬೇಕಾದ ದುಡಿಮೆ. ನಮ್ಮ ಹಳ್ಳಿಗಳ ಭಾಷೆಯಲ್ಲಿ ಹೇಳುವುದಾದರೆ ಬಿಟ್ಟಿ ಚಾಕರಿ. ಬಿಟ್ಟಿ ಚಾಕರಿಯ ಆಳು ನೂರು ವರ್ಷ ಕಳೆಯುವಷ್ಟರಲ್ಲಿ ಮಕ್ಕಳ ಗೆಳೆಯನಾಗಿ ಮನೆಗೆ ಬಂದಿದ್ದಾನೆ. ಆಳಿನೊಡನೆ ಮಗುವಿಗೆ ಮೋಹ ಬೆಳೆಯುವುದಿಲ್ಲ. ಗೆಳೆಯನೊಡನೆ ಬೆಳೆಯುತ್ತದೆ. ಈ ಆಟಿಕೆಯನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಅದಕ್ಕೇ.

ಇದರ ತಲೆ ಎಲ್ಲಿದೆ?

ರೋಬಾಟ್ ಯಾವುದೇ ಇರಲಿ, ಮೊದಲು ಕೇಳಬೇಕಾದ ಪ್ರಶ್ನೆ ಇದು. ಕಣ್ಣು ಪಿಳಿಪಿಳಿ ಬಿಡುವ ಆ ಪ್ಲಾಸ್ಟಿಕ್ ಬುರುಡೆಯೊಳಗೇ ಬುದ್ಧಿ ಇದೆಯೆಂದು ನಾವು ಎಣಿಸುತ್ತೇವೆ. ಹಲವು ಸಲ ಅಲ್ಲಿ ಇರುವುದಿಲ್ಲ. ಈ ಲೆಕ್ಕದಲ್ಲಿ ಆಟದ ರೋಬಾಟುಗಳನ್ನು ಮೂರು ಬಗೆ ಮಾಡಬಹುದು.

ಮೊದಲನೆಯದು, ತಲೆ ತನ್ನ ಹೊಟ್ಟೆಯೊಳಗೇ ಇರುವಂಥದು. 1998ರಲ್ಲಿ ಟೈಗರ್ ಎಲೆಕ್ಟ್ರಾನಿಕ್ಸ್ ಕಂಪನಿ ಹೊರತಂದ 'ಫರ್ಬಿ' ಎಂಬ ಗೂಬೆಮರಿಯಂಥ ರೋಮದ ಆಟಿಕೆ ಈ ಜಾತಿಯದು. ಹೊಸದರಲ್ಲಿ ಅದು ತನ್ನದೇ 'ಫರ್ಬಿಶ್' ಭಾಷೆಯಲ್ಲಿ ಗೊಣಗುತ್ತಿತ್ತು. ದಿನ ಕಳೆದಂತೆ ಇಂಗ್ಲಿಷ್ ಪದಗಳನ್ನು ಹೆಚ್ಚು ಹೆಚ್ಚು ಆಡುತ್ತಿತ್ತು. ನಮ್ಮ ಮಾತು ಕೇಳಿಯೇ ಅದು ಕಲಿಯುತ್ತಿದೆ ಎಂದು ಜನ ನಂಬಿದರು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಕೂಡ, ಇದು ಗುಟ್ಟಿನ ಮಾತುಗಳನ್ನು ದಾಖಲಿಸಿಕೊಂಡೀತೆಂದು ಹೆದರಿ ತನ್ನ ಕಚೇರಿಯೊಳಕ್ಕೆ ಫರ್ಬಿಯನ್ನು ತರಕೂಡದೆಂದು ಆಜ್ಞೆ ಹೊರಡಿಸಿತು. ನಿಜದಲ್ಲಿ ಫರ್ಬಿಗೆ ಧ್ವನಿ ದಾಖಲಿಸುವ ಶಕ್ತಿಯೇ ಇರಲಿಲ್ಲ. ಯಾವ ಪದ ಯಾವಾಗ ಹೊರಬರಬೇಕೆಂದು ಕಾರ್ಖಾನೆಯಲ್ಲೇ ಬರೆದಿಟ್ಟಿದ್ದರು. ಕಲಿಯುವ ನಟನೆ ಮಾತ್ರ ಅದರದು.

ಎರಡನೆಯದು, ತಲೆ ನಿಮ್ಮ ಫೋನಿನಲ್ಲಿರುವಂಥದು. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆಂಕಿ ಕಂಪನಿ ತಂದ 'ಕೊಜ್ಮೊ' ಇದಕ್ಕೆ ಉದಾಹರಣೆ. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಟ್ರ್ಯಾಕ್ಟರಿನಂಥ ಗೊಂಬೆ, ಆಡಲು ಮೂರು ಬೆಳಕಿನ ಘನಗಳು. ಮುಖದಲ್ಲೊಂದು ಕ್ಯಾಮೆರಾ ಇತ್ತು, ಮೈಕ್ ಇರಲಿಲ್ಲ. ಎಂದರೆ ನೋಡುತ್ತಿತ್ತು, ಕೇಳುತ್ತಿರಲಿಲ್ಲ. ಅದು ಕಂಡದ್ದನ್ನು ಲೆಕ್ಕ ಹಾಕಿ ಏನು ಮಾಡಬೇಕೆಂದು ತೀರ್ಮಾನಿಸುತ್ತಿದ್ದದ್ದು ಫೋನು. ಕಂಪನಿ 2019ರಲ್ಲಿ ಬಾಗಿಲು ಹಾಕಿತು. ಆದರೂ ಫೋನಿನಲ್ಲಿ ಆ್ಯಪ್ ಇದ್ದವರ ಮನೆಯಲ್ಲಿ ಕೊಜ್ಮೊ ಓಡಾಡುತ್ತಲೇ ಇತ್ತು.

ಮೂರನೆಯದು, ತಲೆ ದೂರದ ಯಾವುದೋ ಕಂಪ್ಯೂಟರ್ ಕೇಂದ್ರದಲ್ಲಿದ್ದು ಇಂಟರ್ನೆಟ್ ಮೂಲಕ ಮಾತಾಡುವಂಥದು. ಅಮೆರಿಕದ 'ಜಿಬೊ', 'ಮಾಕ್ಸಿ'ಗಳು ಈ ಬಗೆಯವು. ಐಐಟಿ ಬಾಂಬೆಯಲ್ಲಿ ಓದಿದವರು ನಮ್ಮ ಮುಂಬಯಿಯಲ್ಲೇ ಕಟ್ಟಿದ ಕಂಪನಿಯ 'ಮಿಕೊ' ಕೂಡ ಮನೆಯ ವೈಫೈಯನ್ನು ನೆಚ್ಚಿಕೊಂಡದ್ದೇ. ಮಗು ಪ್ರಶ್ನೆ ಕೇಳುತ್ತದೆ. ದನಿ ಇಂಟರ್ನೆಟ್ಟಿನಲ್ಲಿ ಹೋಗಿ ಅಲ್ಲಿ ಅಕ್ಷರವಾಗಿ, ಅದಕ್ಕೆ ಉತ್ತರ ತಯಾರಾಗಿ, ಮತ್ತೆ ದನಿಯಾಗಿ ಹಿಂತಿರುಗುತ್ತದೆ. ಉತ್ತರಕ್ಕೆ ಮೊದಲು ಅದು ಒಂದು ಗಳಿಗೆ ಸುಮ್ಮನಿದ್ದರೆ ಯೋಚಿಸುತ್ತಿದೆ ಎಂದುಕೊಳ್ಳಬೇಡಿ. ಟಪಾಲು ಹೋಗಿ ಬರುತ್ತಿದೆ, ಅಷ್ಟೆ.

ಡಬ್ಬ ಬಿಚ್ಚುವ ಮುನ್ನ

ತಲೆ ಎಲ್ಲಿದೆಯೆಂದು ತಿಳಿದ ಮೇಲೆ ಕೆಲವು ವ್ಯಾವಹಾರಿಕ ವಿಷಯ.

ಇಲ್ಲಿ ಕೊಳ್ಳುವುದಾದರೆ ಡಬ್ಬದ ಮೇಲೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ. ವಿದ್ಯುತ್ತಿನಿಂದ ನಡೆಯುವ ಆಟಿಕೆಗಳಿಗೆ ಐಎಸ್ 15644 ಎಂಬ ಪ್ರತ್ಯೇಕ ಮಾನದಂಡವೇ ಇದೆ. (ಜಿಐ ಗುರುತು ಪಡೆದ ಕರಕುಶಲ ಆಟಿಕೆಗಳಿಗೆ ಇದರಿಂದ ವಿನಾಯಿತಿ ಉಂಟು, ನಮ್ಮ ಚನ್ನಪಟ್ಟಣದ ಗೊಂಬೆಗಳು ಆ ಪಟ್ಟಿಗೆ ಸೇರಿದವು.) ವಯಸ್ಸಿನ ಸೂಚನೆಯನ್ನೂ ಓದಿ. ಕೊಜ್ಮೊ 8 ವರ್ಷ ದಾಟಿದವರಿಗೆಂದು ಹೇಳಿತ್ತು. ಮೂರು ವರ್ಷದ ತಮ್ಮ ಅದೇ ಮನೆಯಲ್ಲಿದ್ದರೆ ಸಣ್ಣ ಬಿಡಿಭಾಗಗಳು ಅವನ ಬಾಯಿಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ನಿಮ್ಮದು.

ದೊಡ್ಡಪ್ಪ ಅಮೆರಿಕದಿಂದ ಕಳುಹಿಸಿದ್ದಾದರೆ ಅಡಾಪ್ಟರಿನ ಮೇಲಿನ ಸಣ್ಣ ಅಕ್ಷರ ಓದದೆ ಪ್ಲಗ್ಗಿಗೆ ಹಾಕಬೇಡಿ. '100–240 ವೋಲ್ಟ್' ಎಂದಿದ್ದರೆ ಸರಿ. ಬರೀ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ಅದು ಹೊಗೆಯಾಡಿ ಹೋದೀತು. ಅದರ ಆ್ಯಪ್ ಭಾರತದಲ್ಲಿ ಸಿಗುತ್ತದೆಯೋ ಎಂದು ಕೂಡ ಮೊದಲೇ ನೋಡಿ.

ಬೆಲೆಯ ಜೊತೆಗೆ ಚಂದಾ ಇದೆಯೋ ವಿಚಾರಿಸಿ. ಕೆಲವು ರೋಬಾಟುಗಳಲ್ಲಿ ಕಥೆ, ಆಟಗಳ ದೊಡ್ಡ ಪಾಲು ತಿಂಗಳ ಅಥವಾ ವರ್ಷದ ಚಂದಾ ಕಟ್ಟಿದರಷ್ಟೇ ತೆರೆಯುತ್ತದೆ. ಆನೆ ಕೊಂಡ ಮೇಲೆ ಅಂಕುಶಕ್ಕೆ ಚೌಕಾಶಿ ಮಾಡಿ ಫಲವಿಲ್ಲ. ಅಕ್ಕ-ಭಾವನಿಗೆ ಇದನ್ನು ಮೊದಲೇ ಹೇಳಿಬಿಡಿ.

ಇನ್ನು, ಸಾಧ್ಯವಾದರೆ ಹಿಂದಿನ ರಾತ್ರಿಯೇ ಅದನ್ನು ಪೂರ್ತಿ ಚಾರ್ಜ್ ಮಾಡಿ, ಆ್ಯಪ್ ಇಳಿಸಿ, ಹೊಸ ಸಾಫ್ಟ್‌ವೇರ್ ಬಂದಿದ್ದರೆ ಅದನ್ನೂ ತುಂಬಿಸಿ ಇಟ್ಟುಬಿಡಿ. ಕೇಕು ಕತ್ತರಿಸಿ ಆದ ಮೇಲೆ ಮಗು ಡಬ್ಬದ ಮುಂದೆ ಒಂದು ಗಂಟೆ ಕಾದು ಕುಳಿತು ನಿದ್ದೆ ಹೋಗುವುದು ಯಾವ ಮಾವನಿಗೂ ಕೀರ್ತಿ ತರುವ ವಿಷಯವಲ್ಲ.

ಸ್ವಿಚ್ ಒತ್ತಿದ ಮೇಲೆ

ವೈಫೈ ಸೇರದಿದ್ದರೆ ಗಾಬರಿ ಬೇಡ. ಇಂದಿನ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ದಾರಿಗಳಲ್ಲಿ ಅಲೆ ಕಳುಹಿಸುತ್ತವೆ. ಅನೇಕ ಆಟಿಕೆಗಳಿಗೆ 2.4ರ ದಾರಿ ಮಾತ್ರ ಗೊತ್ತು. ಫೋನನ್ನೂ ಆ ದಾರಿಗೇ ಹಾಕಿ ಮತ್ತೆ ಪ್ರಯತ್ನಿಸಿ. ಕೊಜ್ಮೊ ಮಾತ್ರ ಬೇರೆ ತರಹ. ತಾನೇ ಒಂದು ವೈಫೈ ಹೊರಡಿಸುತ್ತದೆ. ಅದರ ಮುಂಗೈಯನ್ನು ಮೇಲೆತ್ತಿ ಕೆಳಗಿಳಿಸಿದರೆ ಪಾಸ್‌ವರ್ಡ್ ಅದರ ಮುಖದಲ್ಲೇ ಮೂಡುತ್ತದೆ.

ಜಾಗ ಆರಿಸುವಾಗಲೂ ಸ್ವಲ್ಪ ವಿಜ್ಞಾನ ಬೇಕು. ಓಡಾಡುವ ರೋಬಾಟು ಮೇಜಿನಿಂದ ಬೀಳದಂತೆ ಅದರ ಹೊಟ್ಟೆಯ ಕೆಳಗೆ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಸಂವೇದಕ ಇರುತ್ತದೆ. ಬೆಳಕು ಕೆಳಗೆ ಹೋಗಿ ತಟ್ಟಿ ಮರಳಿದರೆ ನೆಲ ಇದೆ, ಮರಳದಿದ್ದರೆ ಪ್ರಪಾತ. ನಮ್ಮ ಫ್ಲ್ಯಾಟುಗಳ ಅಡುಗೆಕಟ್ಟೆಯ ಕಪ್ಪು ಗ್ರಾನೈಟಿನ ಮೇಲೆ ಅದನ್ನು ಬಿಟ್ಟು ನೋಡಿ. ಎಲ್ಲ ಬಣ್ಣವನ್ನೂ ಮಸಿ ನುಂಗಿತು ಎನ್ನುವ ಹಾಗೆ ಕಪ್ಪು ಕಲ್ಲು ಬೆಳಕನ್ನು ನುಂಗಿಬಿಡುತ್ತದೆ. ರೋಬಾಟು ಎದುರಿಗೆ ಹಳ್ಳವಿದೆಯೆಂದು ತಿಳಿದು ಹೆಜ್ಜೆ ಕಿತ್ತಿಡದೆ ನಿಂತೀತು. ಕೆಟ್ಟುಹೋಗಿದೆ ಎಂದು ವಾಪಸು ಕಳುಹಿಸುವ ಮೊದಲು ತಿಳಿಬಣ್ಣದ ಮೇಜಿನ ಮೇಲೋ ನೆಲದ ಮೇಲೋ ಬಿಡಿ. ಗಾಜಿನ ಮೇಜು ಬೇಡ. ಬೆಳಕು ಅದರೊಳಗೆ ತೂರಿ ಹೋಗುತ್ತದೆ.

ಮುಖ ಗುರುತಿಸಲು ಮಗುವಿನ ಮುಖಕ್ಕೆ ಬೆಳಕು ಬೀಳಬೇಕು. ಕಿಟಕಿಗೆ ಬೆನ್ನು ಹಾಕಿ ಕೂರಿಸಿದರೆ ರೋಬಾಟಿಗೆ ಕಾಣುವುದು ಬರೀ ಕರಿ ನೆರಳು. ಮಾತು ಕೇಳುವ ರೋಬಾಟಾದರೆ ಮಿಕ್ಸರ್, ಕುಕ್ಕರಿನ ಸೀಟಿ, ಟಿ.ವಿ. ಸೀರಿಯಲ್ ಇವುಗಳಿಂದ ದೂರ ಇರಲಿ. ಒಂದೇ ಕೋಣೆಯಲ್ಲಿ ಐದು ಜನ ಒಟ್ಟಿಗೆ "ಏ, ಇಲ್ಲಿ ನೋಡು" ಎಂದು ಕರೆದರೆ ನಮಗೇ ದಿಕ್ಕು ತಪ್ಪುತ್ತದೆ, ಅದರ ಪಾಡೇನು?

ಹೆಸರಿನ ವಿಷಯದಲ್ಲಿ ಒಂದು ಚಿಕ್ಕ ಉಪಾಯ. ನಾವು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟ ಹೆಸರನ್ನು ರೋಬಾಟು ಇಂಗ್ಲಿಷ್ ರೀತಿಯಲ್ಲೇ ಓದುತ್ತದೆ. 'ಮಂಗಳಾ' ಎನ್ನುವುದು 'ಮ್ಯಾಂಗಲಾ' ಆದೀತು. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಬೇಕೆಂಬ ಕಟ್ಟಳೆ ಇಲ್ಲಿಲ್ಲ. ಒಂದು ಅಕ್ಷರ ಕೂಡಿಸಿ, ಒಂದು ಕಳೆದು, ಕಿವಿಗೆ ಸರಿ ಬರುವ ತನಕ ಬದಲಿಸಿ ನೋಡಿ. ಹೊರನಾಡಿನ ಶಾಲೆಗಳಲ್ಲಿ ಹಾಜರಿ ಕರೆಯುವಾಗ ನಿಮ್ಮ ಹೆಸರು ಏನೇನು ಪಾಡು ಪಟ್ಟಿದೆಯೆಂದು ನಿಮಗೆ ಗೊತ್ತು. ಮನೆಯೊಳಗಿನ ಗೊಂಬೆಯಾದರೂ ಮಗುವನ್ನು ಸರಿಯಾಗಿ ಕರೆಯಲಿ.

ನೀವೇ ರೋಬಾಟಾಗಿ

ಇಲ್ಲಿಗೆ ಯಂತ್ರ ಸಿದ್ಧವಾಯಿತು. ಮಗುವನ್ನು ಸಿದ್ಧಮಾಡುವುದು ಇನ್ನೂ ಬಾಕಿ. ಅದಕ್ಕೆ ಸ್ವಿಚ್ ಬೇಡ, ಚಾರ್ಜ್ ಬೇಡ. ಹತ್ತು ನಿಮಿಷ ನೀವೇ ರೋಬಾಟಾಗಬೇಕು.

ಹಜಾರದ ನಡುವೆ ನಿಂತುಕೊಂಡು ಮಗುವಿಗೆ, "ನಾನು ರೋಬಾಟ್. ನೀನು ಹೇಳಿದ್ದನ್ನಷ್ಟೇ ಮಾಡ್ತೀನಿ" ಎನ್ನಿ. "ಅಡುಗೆಮನೆಯಿಂದ ನೀರು ತಾ" ಎಂದು ಮಗು ಆಜ್ಞಾಪಿಸುತ್ತದೆ. ನೀವು ಕದಲಬೇಡಿ. "ಅಡುಗೆಮನೆ ಅಂದರೆ ಗೊತ್ತಿಲ್ಲ. ಎಷ್ಟು ಹೆಜ್ಜೆ? ಯಾವ ಕಡೆ?" ಮಗು ನಗುತ್ತದೆ, ಆಮೇಲೆ ಯೋಚಿಸುತ್ತದೆ. "ನಾಲ್ಕು ಹೆಜ್ಜೆ ಮುಂದೆ ಹೋಗು. ಎಡಕ್ಕೆ ತಿರುಗು." ತಿರುಗಿ ಗೋಡೆಗೆ ಮುಖ ತಾಗಿಸಿ ನಿಂತು ಕಾಲು ಆಡಿಸುತ್ತಲೇ ಇರಿ. "ಅಯ್ಯೋ, ಗೋಡೆ ಸಿಕ್ಕರೆ ನಿಲ್ಲು!" ಎಂದು ಅದು ಕೂಗುತ್ತದೆ.

ಆ ಕೂಗಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮಿನ ಅರ್ಧ ತತ್ತ್ವವಿದೆ. 'ಹೀಗಾದರೆ ಹಾಗೆ ಮಾಡು' ಎನ್ನುವುದು ಷರತ್ತು. ಕನ್ನಡದಲ್ಲಿ ಅದು ಕ್ರಿಯಾಪದದ ಕೊನೆಗೆ ಸೇರುವ ಒಂದು 'ಅರೆ'. ಸಿಕ್ಕರೆ, ಬಂದರೆ, ಬಿದ್ದರೆ. 'ಗೋಡೆ ಸಿಗುವ ತನಕ ನಡೆ' ಎಂದರೆ ಮರುಕಳಿಕೆ. 'ಇದನ್ನು ನಾಲ್ಕು ಸಲ ಮಾಡು' ಎಂದರೂ ಅದೇ. 'ನಾಲ್ಕು ಹೆಜ್ಜೆ ನಡೆ, ಬಲಕ್ಕೆ ತಿರುಗು' ಎಂಬುದನ್ನು ನಾಲ್ಕು ಸಲ ಮಾಡಿಸಿದರೆ ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ. ನೆಲದ ಮೇಲೆ ಒಂದು ಚೌಕ ಮುಗಿದಿರುತ್ತದೆ. ಎಡ, ಬಲ, ಮುಂದೆ, ಹಿಂದೆ, ಸಿಕ್ಕರೆ, ತನಕ. ಇಷ್ಟು ಕನ್ನಡ ಪದಗಳಲ್ಲಿ ಏಳು ವರ್ಷದ ಮಗು ಪ್ರೋಗ್ರಾಮ್ ಬರೆದಾಯಿತು. ಕನ್ನಡ ಹಳೆಯ ಮಾತಿಗೆ, ಯಂತ್ರಕ್ಕೆ ಇಂಗ್ಲಿಷ್ ಎಂಬ ತಪ್ಪು ಕಲ್ಪನೆ ಅಲ್ಲಿಗೇ ಮುರಿಯುತ್ತದೆ.

ಈ ಆಟಕ್ಕೆ ದೊಡ್ಡ ಪರಂಪರೆಯೇ ಇದೆ. ಸೀಮೊರ್ ಪ್ಯಾಪರ್ಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ 1967ರಲ್ಲಿ ಮಕ್ಕಳಿಗಾಗಿ 'ಲೋಗೊ' ಎಂಬ ಕಂಪ್ಯೂಟರ್ ಭಾಷೆ ರೂಪಿಸಿದರು. ನೆಲದ ಮೇಲೆ ಗೆರೆ ಎಳೆಯುತ್ತ ಸಾಗುವ 'ಆಮೆ' ಎಂಬ ರೋಬಾಟಿಗೆ ಮಕ್ಕಳು ಆಜ್ಞೆ ಕೊಡುತ್ತಿದ್ದರು. ಆಮೆ ತಪ್ಪಿದರೆ ತಾವೇ ಆಮೆಯಾಗಿ ನಡೆದು ನೋಡಿ ತಪ್ಪು ಹುಡುಕುತ್ತಿದ್ದರು. 1980ರಲ್ಲಿ ಪ್ಯಾಪರ್ಟ್ ಬರೆದ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದ ತಿರುಳು ಇಷ್ಟು: ಯಂತ್ರ ಮಗುವನ್ನು ನಡೆಸಬಾರದು, ಮಗು ಯಂತ್ರವನ್ನು ನಡೆಸಬೇಕು. ಆ ಪುಸ್ತಕದ ಹೆಸರನ್ನೇ ಲೆಗೊ ಕಂಪನಿ 1998ರಲ್ಲಿ ತನ್ನ ರೋಬಾಟ್ ಕಿಟ್ಟಿಗೆ ಇಟ್ಟಿತು.

ಹೀಗೆ ಆಡಿದ ಮಗು ಆಮೇಲೆ ನಿಜವಾದ ರೋಬಾಟಿನ ಸ್ವಿಚ್ ಒತ್ತಿದಾಗ ಅದನ್ನು ಮಾಯಾವಿಯೆಂದು ನೋಡುವುದಿಲ್ಲ. "ಇದಕ್ಕೂ ಯಾರೋ ಹೇಳಿಕೊಟ್ಟಿದ್ದಾರೆ" ಎಂದು ಅದಕ್ಕೆ ಗೊತ್ತಿರುತ್ತದೆ. ಆ ಒಂದು ತಿಳಿವು ಮುಂದಿನ ಎಷ್ಟೋ ವರ್ಷಗಳಿಗೆ ಸಾಕಾಗುವಂಥದು.

ಯಾರ ಕಿವಿ, ಯಾರ ಕಣ್ಣು?

ತಲೆ ದೂರದಲ್ಲಿದ್ದರೆ ಮನೆಯ ಮಾತೂ ದೂರ ಹೋಗುತ್ತದೆ. ಇದು ಕಟ್ಟುಕಥೆಯ ಹೆದರಿಕೆಯಲ್ಲ. 2015ರಲ್ಲಿ ವಿಟೆಕ್ ಎಂಬ ಆಟಿಕೆ ಕಂಪನಿಯ ಕಂಪ್ಯೂಟರಿಗೆ ಕಳ್ಳಗಿಂಡಿ ಕೊರೆದು ಒಳಹೊಕ್ಕವರ ಕೈಗೆ 60 ಲಕ್ಷಕ್ಕೂ ಹೆಚ್ಚು ಮಕ್ಕಳ ವಿವರಗಳು ಸಿಕ್ಕಿದವು. 2017ರ ಫೆಬ್ರವರಿಯಲ್ಲಿ ಜರ್ಮನಿಯ ಸರಕಾರಿ ಸಂಸ್ಥೆ 'ಕೇಲಾ' ಎಂಬ ಮಾತಾಡುವ ಗೊಂಬೆಯನ್ನು ಗುಪ್ತವಾಗಿ ಆಲಿಸುವ ಸಾಧನವೆಂದು ಸಾರಿ ನಿಷೇಧಿಸಿತು. ಬ್ಲೂಟೂತ್ ಮೂಲಕ ಹೊರಗಿನ ಯಾರು ಬೇಕಾದರೂ ಅದರೊಳಗೆ ಹೊಕ್ಕು ಮಗುವಿನ ಮಾತು ಕೇಳಬಹುದಿತ್ತು. ಗೊಂಬೆಯನ್ನು ಕೆಡಿಸಿಬಿಡಿ ಎಂದು ತಾಯಿತಂದೆಯರಿಗೇ ಅದು ತಿಳಿಸಿತು.

ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 18 ತುಂಬದವರ ವಿವರ ಪಡೆಯಲು ತಾಯಿತಂದೆಯರ ಖಚಿತ ಒಪ್ಪಿಗೆ ಬೇಕು, ಮಕ್ಕಳ ನಡವಳಿಕೆಯ ಬೆನ್ನುಹತ್ತಿ ಜಾಹೀರಾತು ತೋರಿಸಬಾರದು ಎಂದು ಅದು ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು; ಹಂತಹಂತವಾಗಿ ಜಾರಿಗೆ ಬರುವಂತೆ ಅವನ್ನು ರೂಪಿಸಲಾಗಿದೆ. ಕಾನೂನು ತನ್ನ ಕೆಲಸ ಮಾಡಲಿ, ನಾವು ನಮ್ಮದನ್ನು ಮಾಡೋಣ.

ಖಾತೆಯನ್ನು ಅಕ್ಕನ ಅಥವಾ ಭಾವನ ಹೆಸರಿನಲ್ಲಿ ತೆರೆಯಿರಿ. ಮಗುವಿಗೆ ಅಡ್ಡಹೆಸರು ಸಾಕು. ನಮ್ಮಲ್ಲಿ ಪುಟ್ಟ, ಪುಟ್ಟಿ, ಚಿನ್ನುಗಳಿಗೇನು ಬರವೇ? ಹುಟ್ಟಿದ ದಿನಾಂಕ, ಶಾಲೆಯ ಹೆಸರು ಕೊಡದೆಯೂ ಮುಂದೆ ಹೋಗಲು ಬಿಟ್ಟರೆ ಬಿಟ್ಟುಬಿಡಿ. ಪಾಸ್‌ವರ್ಡ್ ಗಟ್ಟಿಯಾಗಿರಲಿ. ಆಟ ಮುಗಿದ ಮೇಲೆ ರೋಬಾಟನ್ನು ಆರಿಸಿ ಅದರ ಜಾಗದಲ್ಲಿಡುವ ರೂಢಿ ಮಾಡಿಸಿ. ಮಲಗುವ ಕೋಣೆ ಅದರ ಜಾಗವಾಗದಿರಲಿ. ಯಾರಿಗಾದರೂ ಕೊಟ್ಟುಬಿಡುವ ಮೊದಲು ಒಳಗಿನ ಮುಖ, ಹೆಸರುಗಳನ್ನೆಲ್ಲ ಅಳಿಸಿ.

ಇನ್ನೊಂದು ಮಾತು. ಇಂದಿನ ಮಾತಾಳಿ ರೋಬಾಟುಗಳು ತಪ್ಪನ್ನೂ ಬಲು ಧೈರ್ಯದಿಂದ ಹೇಳಬಲ್ಲವು. ಆದ್ದರಿಂದ ಮೊದಲ ಕೆಲವು ವಾರ ಪಕ್ಕದಲ್ಲಿ ಕುಳಿತಿರಿ. "ಅದು ಹೇಳಿದ್ದು ಸರಿಯೇನೋ? ನೋಡೋಣ ಬಾ" ಎಂದು ಪುಸ್ತಕ ತೆರೆಸಿ. ಹೇಳಿದ್ದನ್ನೆಲ್ಲ ನಂಬದೆ ಒರೆಗೆ ಹಚ್ಚುವುದು ಮಗು ರೋಬಾಟಿನಿಂದ ಕಲಿಯಬಹುದಾದ ಒಳ್ಳೆಯ ಪಾಠ.

ಗೆಳೆಯ ಸುಮ್ಮನಾದ ದಿನ

ಇದನ್ನು ಹೇಳದೆ ಮುಗಿಸುವಂತಿಲ್ಲ. ಜಿಬೊ ಎಂಬ ರೋಬಾಟು 2017ರಲ್ಲಿ ಜನರ ಕೈಸೇರಿತು. 2019ರಲ್ಲಿ ಅದರ ಸರ್ವರುಗಳು ನಿಲ್ಲುವ ಸುದ್ದಿಯನ್ನು ಜಿಬೊ ತಾನೇ ತನ್ನ ಮನೆಯವರಿಗೆ ಹೇಳಿ, ಇಷ್ಟು ದಿನ ಜೊತೆಗಿರಿಸಿಕೊಂಡದ್ದಕ್ಕೆ ಕೃತಜ್ಞತೆ ತಿಳಿಸಿತು. 5ರಿಂದ 10 ವರ್ಷದ ಮಕ್ಕಳ ಸಂಗಾತಿಯೆಂದು 799 ಡಾಲರಿಗೆ ಮಾರಾಟವಾಗುತ್ತಿದ್ದ ಮಾಕ್ಸಿಯ ಕಂಪನಿ 2024ರ ಡಿಸೆಂಬರಿನಲ್ಲಿ ಹಣ ಸಾಲದೆ ಮುಚ್ಚುವುದಾಗಿ ಸಾರಿತು. ಮಕ್ಕಳಿಗೆ ಈ ಸುದ್ದಿಯನ್ನು ಹೇಗೆ ತಿಳಿಸಬೇಕೆಂದು ತಾಯಿತಂದೆಯರಿಗೆ ಪತ್ರವೊಂದನ್ನೂ ಅದೇ ಸಿದ್ಧಪಡಿಸಿ ಕೊಟ್ಟಿತು. ಆಮೇಲೆ, ತಿಳಿದವರು ಸ್ವಂತ ಕಂಪ್ಯೂಟರಿನಿಂದಲೇ ಅದನ್ನು ನಡೆಸಿಕೊಳ್ಳುವಂತೆ ಒಂದು ದಾರಿಯೂ ತೆರೆಯಿತು.

ಜಪಾನಿನ ಕಥೆ ಇನ್ನೂ ಮನಮುಟ್ಟುವಂಥದು. ಸೋನಿ ಕಂಪನಿ 1999ರಲ್ಲಿ 'ಐಬೊ' ಎಂಬ ರೋಬಾಟ್ ನಾಯಿಯನ್ನು ತಂದಾಗ, ಬೆಲೆ ಎರಡೂವರೆ ಲಕ್ಷ ಯೆನ್ ಇದ್ದರೂ ಜಪಾನಿಗೆಂದು ಇಟ್ಟಿದ್ದ 3,000 ನಾಯಿಗಳು 20 ನಿಮಿಷದಲ್ಲಿ ಖರ್ಚಾದವು. 2006ರಲ್ಲಿ ತಯಾರಿಕೆ ನಿಂತಿತು, 2014ರಲ್ಲಿ ರಿಪೇರಿಯೂ ನಿಂತಿತು. 2015ರಲ್ಲಿ ಚಿಬಾ ಪ್ರಾಂತದ ಕೋಫುಕುಜಿ ಎಂಬ ಬೌದ್ಧ ದೇಗುಲದಲ್ಲಿ ಕೆಟ್ಟ ಐಬೊಗಳಿಗೆ ಅರ್ಚಕರು ಮಂತ್ರ ಹೇಳಿ ಉತ್ತರಕ್ರಿಯೆ ನಡೆಸಿಕೊಟ್ಟರು. ಆಮೇಲೆ ಅವುಗಳ ಬಿಡಿಭಾಗಗಳಿಂದ ಬೇರೆ ಐಬೊಗಳಿಗೆ ಜೀವ ಬಂತು. ಸೋನಿ 2018ರಲ್ಲಿ ಹೊಸ ಐಬೊ ತಂದಿತು, ನಿಜ. ಆದರೆ ಹಳೆಯದನ್ನು ಸಾಕಿದವರಿಗೆ ಹಳೆಯದೇ ಬೇಕಿತ್ತು.

ದೊಡ್ಡವರಿಗೇ ಹೀಗಾದರೆ ಆರು ವರ್ಷದ ಮಗುವಿನ ಮಾತೇನು? ಅದಕ್ಕೇ ಮೊದಲ ವಾರದಲ್ಲೇ, ಆಟದ ನಡುವೆ ಹಗುರವಾಗಿ ಹೇಳಿಡಿ: "ಇದು ಯಂತ್ರ. ಬುಗುರಿ ಹೇಗೆ ಸುತ್ತಿ ನಿಲ್ಲುತ್ತೋ ಇದೂ ಒಂದು ದಿನ ನಿಲ್ಲುತ್ತೆ." ನಿಂತ ದಿನ ಮಗು ಅತ್ತರೆ "ಬರೀ ಗೊಂಬೆ ತಾನೆ" ಎಂದು ನಗಬೇಡಿ. ಯಂತ್ರದ ಪ್ರೀತಿ ನಟನೆಯಾಗಿರಬಹುದು, ಮಗುವಿನದು ನಿಜವಾದದ್ದು.

ಕನ್ನಡ ಬಾರದ ಗೆಳೆಯ

ಕೊನೆಯದಾಗಿ ನಮ್ಮ ಮನೆಯ ಮಾತು. ಅಂಗಡಿಯಲ್ಲಿ ಸಿಗುವ ಇಂಥ ಆಟಿಕೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಮಾತಾಡುತ್ತವೆ. ಹೊರನಾಡಿನಲ್ಲಿ ಬೆಳೆಯುವ ಮಗುವಿಗೆ ಶಾಲೆಯಲ್ಲಿ ಇಂಗ್ಲಿಷು, ಕಟ್ಟಡದ ಕೆಳಗೆ ಆಟದಲ್ಲಿ ಹಿಂದಿಯೋ ಮರಾಠಿಯೋ ತೆಲುಗೋ ತಮಿಳೋ. ಕನ್ನಡಕ್ಕೆ ಉಳಿದಿರುವುದು ಮನೆಯೊಳಗಿನ ಒಂದಿಷ್ಟು ಹೊತ್ತು. ಆ ಹೊತ್ತಿನಲ್ಲೇ, ಎಂದೂ ಬೇಸರಪಡದ, ಎಷ್ಟು ಪ್ರಶ್ನೆ ಕೇಳಿದರೂ ರೇಗದ ಗೆಳೆಯನೊಬ್ಬ ಇಂಗ್ಲಿಷಿನಲ್ಲಿ ಕರೆಯುತ್ತಿದ್ದರೆ ಮಗು ಎತ್ತ ವಾಲೀತು? ಅಜ್ಜಿಯೊಡನೆ ಮಾತಾಡುವ ಪದಗಳು ಹೀಗೆ ಸದ್ದಿಲ್ಲದೆ ಸವೆಯುತ್ತವೆ. ಹೀಗೆ ಸವೆದದ್ದರ ಅನುಭವ ನಿಮ್ಮಲ್ಲೇ ಕೆಲವರಿಗೆ ಇದ್ದೀತು.

ಹಾಗೆಂದು ಆಟಿಕೆಯನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಎರಡು ಕೆಲಸ ಮಾಡಬಹುದು.

ಒಂದು, ಮಗುವೂ ರೋಬಾಟೂ ಇಬ್ಬರೇ ಆಡುವ ಆಟವನ್ನು ಮೂವರ ಆಟ ಮಾಡಿ. ರೋಬಾಟು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಜ್ಜಿಗೆ ಕನ್ನಡದಲ್ಲಿ ತಿಳಿಸುವ ದುಭಾಷಿಯ ಕೆಲಸ ಮಗುವಿಗೆ ಕೊಡಿ. ಕನ್ನಡದ ಅಗತ್ಯ ಮಗುವಿಗೆ ಉಪದೇಶದಿಂದ ತಿಳಿಯುವುದಿಲ್ಲ. ಅಜ್ಜಿ ಕಾಯುತ್ತಿದ್ದಾಳೆ ಎಂಬುದರಿಂದ ತಿಳಿಯುತ್ತದೆ. ಎಂಐಟಿಯಲ್ಲಿ ರೂಪುಗೊಂಡ 'ಸ್ಕ್ರ್ಯಾಚ್' ಎಂಬ ಉಚಿತ ಪ್ರೋಗ್ರಾಮಿನಲ್ಲಿ ನಮ್ಮದೇ ದನಿ ದಾಖಲಿಸಬಹುದು. ಅಜ್ಜಿಯಿಂದ "ಊಟ ಆಯ್ತೇನೋ ಪುಟ್ಟಾ?" ಎಂದು ಹೇಳಿಸಿ, ಪರದೆಯ ಬೆಕ್ಕನ್ನು ಒತ್ತಿದಾಗ ಅದು ಅಜ್ಜಿಯ ದನಿಯಲ್ಲಿ ಕೇಳುವಂತೆ ಮಾಡಿಕೊಡಿ. ಊರಿನಲ್ಲಿರುವ ಅಜ್ಜಿಯಾದರೆ ಫೋನಿನಲ್ಲಿ ಕಳುಹಿಸಿದ ದನಿಯೂ ಆದೀತು.

ಎರಡು, ಯಂತ್ರಕ್ಕೇ ಕನ್ನಡ ಕಲಿಸುವ ಕೆಲಸದಲ್ಲಿ ಕೈಹಚ್ಚಿ. ಫೋನಿಗೆ ಕನ್ನಡದಲ್ಲಿ ಹೇಳಿ ಬರೆಸುವ ಸೌಲಭ್ಯವನ್ನು ಗೂಗಲ್ 2017ರಲ್ಲೇ ತಂದಿತು. ಕೇಂದ್ರ ಸರಕಾರದ 'ಭಾಷಿಣಿ' ಯೋಜನೆಯಲ್ಲಿ 'ಭಾಷಾದಾನ' ಎಂಬ ಭಾಗವಿದೆ. ಅಲ್ಲಿ ಯಾರು ಬೇಕಾದರೂ ಕನ್ನಡ ವಾಕ್ಯಗಳನ್ನು ಓದಿ ತಮ್ಮ ದನಿಯನ್ನು ದಾನವಾಗಿ ಕೊಡಬಹುದು. ಯಂತ್ರ ಭಾಷೆ ಕಲಿಯುವುದು ಇಂಥ ಸಾವಿರಾರು ದನಿಗಳಿಂದ. ಧಾರವಾಡ, ಮಂಗಳೂರು, ಮೈಸೂರುಗಳ ಕನ್ನಡದ ಜೊತೆಗೆ ಡೊಂಬಿವಲಿಯ ಕನ್ನಡ, ಸಿಕಂದರಾಬಾದಿನ ಕನ್ನಡವೂ ಅದರ ಕಿವಿಗೆ ಬಿದ್ದರೆ ತಾನೆ ಮುಂದೊಂದು ದಿನ ನಮ್ಮ ಮಕ್ಕಳ ಮಾತು ಅದಕ್ಕೆ ತಿಳಿದೀತು? ನಿಮ್ಮ ಕನ್ನಡ ಅಷ್ಟು ಶುದ್ಧವಲ್ಲ ಎಂಬ ಸಂಕೋಚ ಬೇಡ. ಮನೆಯಲ್ಲಿ ಆಡುವ ಕನ್ನಡ ಇದ್ದ ಹಾಗೆಯೇ ಇರಲಿ.

ನಮ್ಮ ಸಂಘದ ಮಕ್ಕಳ ವಿಭಾಗದವರಿಗೊಂದು ಸೂಚನೆ. ಮುಂದಿನ ರವಿವಾರದ ಕೂಟದಲ್ಲಿ ಅರ್ಧ ಗಂಟೆ 'ಮನುಷ್ಯ ರೋಬಾಟ್' ಆಟಕ್ಕೆ ಇಡಿ. ಖರ್ಚಿಲ್ಲ, ಯಂತ್ರ ಬೇಡ. ನಿಮ್ಮಲ್ಲಿ ಯಾರಾದರೊಬ್ಬರು ರೋಬಾಟಾಗಿ ಗೋಡೆಗೆ ಮುಖ ತಾಗಿಸಿ ನಿಲ್ಲಲು ಸಿದ್ಧರಿದ್ದರೆ ಸಾಕು. ಮಕ್ಕಳು ಕನ್ನಡದಲ್ಲಿ ಏನೇನು ಆಜ್ಞೆ ಕೊಟ್ಟರೆಂದು ನನಗೂ ಬರೆದು ತಿಳಿಸಿ. ಒಳ್ಳೆಯವನ್ನು ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ.